ಕೆಂಪು ಕಚೇರಿಯಲ್ಲಿ ನಮ್ಮತ್ತೆ

ನಮ್ಮ ಸೋದರತ್ತೆಗೆ ಬೆಂಗಳೂರೆಂದರೆ ಲಾಲ್‌ಬಾಗೂ ಅಲ್ಲ, ವಿಧಾನಸೌಧವೂ ಅಲ್ಲ, ಅಠಾರ ಕಚೇರಿ. ಗಂಡ ತೀರಿಕೊಂಡ ಮೇಲೆ ಮೈದುನಂದಿರು ಜಮೀನಿನಲ್ಲಿ ಪಾಲು ಕೊಡಲಿಲ್ಲ. ಚನ್ನರಾಯಪಟ್ಟಣ, ಹಾಸನ ದಾಟಿ ವ್ಯಾಜ್ಯ ಹೈಕೋರ್ಟಿಗೆ ಬಂದಾಗ, ಶ್ರವಣಬೆಳಗೊಳದಿಂದ ಬೆಳಗಿನ ಬಸ್ಸು ಹಿಡಿದು ಬರುವ ಅವರನ್ನು ಅಲ್ಲಿಗೆ ಕರೆದೊಯ್ಯುವ ಕೆಲಸ ನನ್ನದಾಯಿತು. ಪ್ರತಿ ವಾಯಿದೆಗೂ ಬರಬೇಕಾಗಿಲ್ಲ ಎಂದು ವಕೀಲರು ಹೇಳಿದರೂ ಅತ್ತೆ ಕೇಳಲಿಲ್ಲ. “ನನ್ನ ಮಾತು ಆಡುವಾಗ ನಾನು ಅಲ್ಲಿರಬೇಡವೇನವ್ವಾ?”

ಕಬ್ಬನ್ ಪಾರ್ಕಿನ ಹಸಿರಿನ ನಡುವೆ ಮೈಚಾಚಿ ನಿಂತ ಆ ಕೆಂಪು ಕಟ್ಟಡವನ್ನು ಮೊದಲ ಸಲ ನೋಡಿದಾಗ ಅತ್ತೆ, “ಇಷ್ಟುದ್ದಾನಾ!” ಎಂದು ನಿಂತುಬಿಟ್ಟರು. ಎರಡೇ ಅಂತಸ್ತು, ಆದರೆ ಉದ್ದಕ್ಕೆ ಕೊನೆಯಿಲ್ಲ. ನಡುವೆಯೂ ತುದಿಗಳಲ್ಲೂ ಮುಂಚಾಚಿದ ಮೊಗಸಾಲೆ, ತಲೆಯಲ್ಲಿ ಸುರುಳಿ ಸುತ್ತಿಕೊಂಡ ಗ್ರೀಕ್ ಮಾದರಿಯ ಎತ್ತರದ ಕಂಬಗಳು. ಬಸದಿಗಳ ಕಂಬ ನೋಡಿ ಬೆಳೆದ ಅತ್ತೆಗೆ ಅವು ಬೋಳುಬೋಳಾಗಿ ಕಂಡವು. “ಒಂದು ಹೂವಾದರೂ ಕೆತ್ತಬಾರದಿತ್ತಾ?”

ಇದು ಹುಟ್ಟಿದ್ದು ಕೋರ್ಟಾಗಿ ಅಲ್ಲ. ಬ್ರಿಟಿಷ್ ಕಮಿಷನರುಗಳು ಮೈಸೂರು ಸೀಮೆ ಆಳುತ್ತಿದ್ದಾಗ ಸರ್ಕಾರದ ಕಚೇರಿಗಳು ಕೋಟೆಯ ಬಳಿ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿದ್ದವು. ಆ ಮರದ ಅರಮನೆ ಸಾಲದಾಗಿ, ಬೌರಿಂಗ್ ಕಮಿಷನರಾಗಿದ್ದ ಕಾಲದಲ್ಲಿ, 1864ರಿಂದ 1868ರೊಳಗೆ ಇದು ಎದ್ದಿತು. ಮೇಲ್ವಿಚಾರಣೆ ಮುಖ್ಯ ಇಂಜಿನಿಯರ್ ಸ್ಯಾಂಕಿಯವರದು, ಸ್ಯಾಂಕಿ ಕೆರೆಯ ಸ್ಯಾಂಕಿ. ಕಟ್ಟಿಸಿಕೊಟ್ಟವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಹದಿನೆಂಟು ಇಲಾಖೆಗಳು ಬಂದು ಕೂತದ್ದರಿಂದ ‘ಅಠಾರ’. 1956ರಲ್ಲಿ ರಸ್ತೆಯಾಚೆ ವಿಧಾನಸೌಧ ಸಿದ್ಧವಾಗಿ ಸಚಿವಾಲಯ ಅತ್ತ ಹೋಯಿತು, ಇದು ಹೈಕೋರ್ಟಿನ ಮನೆಯಾಗಿ ಉಳಿಯಿತು. ಆಗೆಲ್ಲ ಎದುರಿಗೆ ಕುದುರೆಯೇರಿದ ಕಬ್ಬನ್ ಸಾಹೇಬರಿದ್ದರು. 2020ರಲ್ಲಿ ಅವರನ್ನು ಪಾರ್ಕಿನೊಳಕ್ಕೆ ಸಾಗಿಸಿದರು.

1980ರ ದಶಕದ ಮೊದಲಲ್ಲಿ ಇದನ್ನು ಕೆಡವಿ ಹೊಸದು ಕಟ್ಟುವ ಮಾತೆದ್ದಿತು. ಊರಿನ ಕೆಲವರು ತಡೆಯಬೇಕೆಂದು ಹೈಕೋರ್ಟಿಗೇ ಹೋದರು. ವಾದ ನಡೆದದ್ದು ಅದೇ ಕಟ್ಟಡದೊಳಗೆ! ತಾನಿರಬೇಕೋ ಬೇಡವೋ ಎಂಬ ಚರ್ಚೆಯನ್ನು ಗೋಡೆಗಳೇ ಕೇಳಿಸಿಕೊಂಡವು. ಜನರ ಒತ್ತಾಯವೂ ಸೇರಿ ಕಟ್ಟಡ ಉಳಿಯಿತು. ಅತ್ತೆಗೆ ಇದನ್ನು ಹೇಳಿದಾಗ, “ನೋಡು, ಕಟ್ಟಡಾನೂ ನನ್ನ ಹಾಗೇ ಇಲ್ಲಿ ಕೂತು ಕಾದಿದೆ” ಎಂದು ನಕ್ಕರು.

ಜಗಲಿಯಲ್ಲಿ ಕಾಯುತ್ತ ಕೂತಾಗ ನಮ್ಮೂರಿನ ತೀರ್ಪಿನ ಕಲ್ಲು ನೆನಪಾಗುತ್ತಿತ್ತು. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯಲ್ಲಿ ಅದಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟರು. 1368ರ ಮಾತು. ರಾಜ ಎರಡು ಮತಕ್ಕೂ ಭೇದವಿಲ್ಲವೆಂದ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ನನಗೆ ಅದಕ್ಕಿಂತ ಮೆಚ್ಚುಗೆಯಾದದ್ದು ಮುಂದಿನ ಏರ್ಪಾಡು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ. ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಿನವರು, ಮಿಕ್ಕ ಹಣದಲ್ಲಿ ಶಿಥಿಲವಾದ ಜಿನಾಲಯಗಳಿಗೆ ಸುಣ್ಣ. ನೋಡಿಕೊಳ್ಳುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವರದೇ! ಸುಣ್ಣದ ಖರ್ಚನ್ನೂ ಬಿಡದೆ ಬರೆಸಿದ ತೀರ್ಪು. ಮನೆ ನಡೆಸಿದವರಿಗೆ ಇದರ ಬೆಲೆ ಗೊತ್ತು.

ಅತ್ತೆಯ ವ್ಯಾಜ್ಯ ಕೊನೆಗೆ ರಾಜಿಯಲ್ಲಿ ಮುಗಿಯಿತು. ಒಂದೆಕರೆ ಹೊಲ, ಬಾವಿಯ ನೀರಿನಲ್ಲಿ ಅರ್ಧ. ಹೊರಗೆ ಜಗಲಿಯಲ್ಲಿ ವಕೀಲರು ರಾಜಿಪತ್ರ ಓದಿಹೇಳಿದರು. ಹಿರೀ ಮೈದುನ ತಲೆ ತಗ್ಗಿಸಿ ನಿಂತಿದ್ದ; ಬರೀ ಹೆಬ್ಬೆಟ್ಟೊತ್ತುವುದೊಂದು ಬಾಕಿ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಮುಂದೆ ಬಂದವರು ನಿಂತರು.

“ಸ್ವಾಮಿ, ಬಾವಿ ಮೋಟ್ರು ಕೆಟ್ಟರೆ ರಿಪೇರಿ ದುಡ್ಡು ಯಾರದು ಅಂತ ಬರೆದೈತಾ?”

ವಕೀಲರು ಕಾಗದ ತಿರುವಿ ನೋಡಿದರು. ಬರೆದಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದರು.