ಐದು ಡಾಲರಿನ ಕಚೇರಿ: ಫುಗಾಜಿ ಬ್ಯಾಂಡಿನ ತಿರುಗಾಟವೂ ಅದರ ಶ್ರೋತೃಸಮುದಾಯವೂ

ಅಮೆರಿಕದ ಸ್ವತಂತ್ರ ರಾಕ್ ಸಂಗೀತದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಧ್ವನಿಮುದ್ರಿಕೆಗಳನ್ನೇ ಪ್ರಧಾನ ಆಕರವೆಂದು ಬಗೆದು, ಒಂದೊಂದು ಬ್ಯಾಂಡಿನ ಜೀವಿತವನ್ನು ಅದು ಪ್ರಕಟಿಸಿದ ಆಲ್ಬಮುಗಳ ಅನುಕ್ರಮದಲ್ಲಿಯೇ ನಿರೂಪಿಸಿರುವರು. ದೊಡ್ಡ ಕಂಪನಿಗಳ ಬಂಡವಾಳದ ಆಸರೆಯಿಲ್ಲದ ಈ ಬ್ಯಾಂಡುಗಳು ವಾರಗಟ್ಟಲೆ ವ್ಯಾನಿನಲ್ಲಿ ಸಂಚರಿಸಿ, ಚರ್ಚಿನ ನೆಲಮಾಳಿಗೆಗಳಲ್ಲಿಯೂ ಸಮುದಾಯ ಭವನಗಳಲ್ಲಿಯೂ ಸಣ್ಣ ಕ್ಲಬ್ಬುಗಳಲ್ಲಿಯೂ ನುಡಿಸಿ, ತಮ್ಮ ಶ್ರೋತೃಗಳನ್ನು ತಾವೇ ಕಂಡುಕೊಂಡುವೆಂಬುದನ್ನು ನೆನೆದರೆ, ಆ ಕ್ರಮವು ಅಪೂರ್ಣವೆಂದು ಹೇಳದೆ ವಿಧಿಯಿಲ್ಲ. ವಾಷಿಂಗ್ಟನ್ ನಗರದ ಫುಗಾಜಿ ಎಂಬ ಬ್ಯಾಂಡಿನ ತಿರುಗಾಟವನ್ನು ನಿದರ್ಶನವಾಗಿಟ್ಟುಕೊಂಡು, ಪ್ರವೇಶದ ದರ, ಶ್ರೋತೃವಿನ ಪುನರಾಗಮನ, ಹಾಡುಗಳ ಕ್ರಮ ಇವು ಮೂರೂ ಒಂದೇ ಕಲಾನಿಯಮದ ಅಂಗಗಳಾಗಿದ್ದುವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನಿಯಮದ ಮೂಲವನ್ನು 1980ರಷ್ಟು ಹಿಂದಕ್ಕೆ ಹೋಗಿ ಅರಸಬೇಕು. ಮುಂದೆ ಫುಗಾಜಿಯ ಸದಸ್ಯರಾದ ಇಯಾನ್ ಮೆಕಾಯ್ ತಮ್ಮ ಹದಿಹರೆಯದಲ್ಲಿ ಸೇರಿದ್ದ ಟೀನ್ ಐಡಲ್ಸ್ ಬ್ಯಾಂಡು ಆ ವರ್ಷ ಕ್ಯಾಲಿಫೋರ್ನಿಯಕ್ಕೆ ಹೋದಾಗ, ಸ್ಯಾನ್ ಫ್ರಾನ್ಸಿಸ್ಕೋದ ಮಬುಹೇ ಗಾರ್ಡನ್ಸ್ ಎಂಬ ಕ್ಲಬ್ಬಿನವರು, ಮದ್ಯ ಕೊಳ್ಳುವ ವಯಸ್ಸು ತುಂಬದ ಆ ಹುಡುಗರ ಕೈಗಳ ಮೇಲೆ ಕಪ್ಪು ಮಸಿಯಿಂದ ಗುಣಾಕಾರದ ಗುರುತನ್ನು ಬರೆದು ಒಳಗೆ ಬಿಟ್ಟರು. ಹುಡುಗರು ಊರಿಗೆ ಮರಳಿ ಇದೇ ಏರ್ಪಾಡನ್ನು ಅಲ್ಲಿಯ ಕ್ಲಬ್ಬುಗಳಿಗೂ ಸೂಚಿಸಿದರು. ಕ್ಲಬ್ಬುಗಳ ಆದಾಯವು ಮದ್ಯದ ಮಾರಾಟವನ್ನೇ ಅವಲಂಬಿಸಿದ್ದ ದೇಶದಲ್ಲಿ ಇದು ಅಲ್ಪಸಂಗತಿಯಲ್ಲ. 1984ರ ಕಾಯಿದೆಯು ಮದ್ಯ ಕೊಳ್ಳುವ ವಯಸ್ಸನ್ನು 21ಕ್ಕೇರಿಸುವಂತೆ ರಾಜ್ಯಗಳನ್ನು ಒತ್ತಾಯಿಸಿದ ಮೇಲಂತೂ, ಈ ಸಂಗೀತವನ್ನು ಅತ್ಯಂತ ತೀವ್ರವಾಗಿ ಬಯಸುತ್ತಿದ್ದ ವಯೋಮಾನದವರೇ ಅದನ್ನು ಕೇಳಲಾರದೆ ಹೊರಗುಳಿಯುವ ವಿಪರ್ಯಾಸವು ಇನ್ನಷ್ಟು ಬಲಿಯಿತು.

1987ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ವಿಲ್ಸನ್ ಸೆಂಟರಿನಲ್ಲಿ ತನ್ನ ಮೊದಲ ಕಚೇರಿಯನ್ನು ನಡೆಸಿದ ಫುಗಾಜಿಯು, ಕಾಲಕ್ರಮದಲ್ಲಿ ಮೆಕಾಯ್, ಗೀ ಪಿಚಿಯೊಟೊ, ಜೋ ಲಾಲಿ, ಬ್ರೆಂಡನ್ ಕ್ಯಾಂಟಿ ಎಂಬ ನಾಲ್ವರ ಬ್ಯಾಂಡಾಗಿ ಸ್ಥಿರಗೊಂಡಿತು. ಸಾಧ್ಯವಾದೆಡೆಯೆಲ್ಲ ಸರ್ವವಯಸ್ಕರಿಗೂ ಪ್ರವೇಶವಿರತಕ್ಕದ್ದೆಂದೂ, ಟಿಕೆಟ್ಟಿನ ದರವು ಸಾಮಾನ್ಯವಾಗಿ 5 ಡಾಲರನ್ನು ಮೀರಕೂಡದೆಂದೂ ಅವರು ಹಟ ಹಿಡಿದರು. ಈ ಹಟ ಸಾಧ್ಯವಾದದ್ದು ಮಿತವ್ಯಯದಿಂದ: ವ್ಯವಸ್ಥಾಪಕನನ್ನಿಡದೆ ಕಚೇರಿಗಳ ಏರ್ಪಾಡನ್ನು ತಾವೇ ನೋಡಿಕೊಂಡು, ಪರಿಚಿತರ ಮನೆಗಳಲ್ಲಿ ತಂಗಿ, ಬ್ಯಾಂಡಿನ ಹೆಸರಿನ ಅಂಗಿಗಳ ಮಾರಾಟಕ್ಕೂ ಇಳಿಯದೆ, ಮೆಕಾಯ್ ಮತ್ತು ಗೆಳೆಯರು 1980ರಲ್ಲಿ ಸ್ಥಾಪಿಸಿದ್ದ ಡಿಸ್ಕಾರ್ಡ್ ಸಂಸ್ಥೆಯ ಮೂಲಕವೇ ಧ್ವನಿಮುದ್ರಿಕೆಗಳನ್ನು ಅಗ್ಗವಾಗಿ ಮಾರಿದರು. ಇದನ್ನು ಕೇವಲ ನೈತಿಕ ನಿಷ್ಠೆಯೆಂದು ಹೊಗಳಿ ಕೈಬಿಡುವ ವಿಮರ್ಶಕರೊಡನೆ ನನಗೆ ಸಮ್ಮತಿಯಿಲ್ಲ. ಇಂದು ಕೇಳಿದ ವಿದ್ಯಾರ್ಥಿಯೊಬ್ಬನು ನಾಳೆ ನೆರೆಯೂರಿಗೆ ಹೋಗಿ ಮತ್ತೆ ಕೇಳುವುದು ದರವು ಅಲ್ಪವಾದಾಗ ಮಾತ್ರ ಸಾಧ್ಯ. ಮತ್ತೆ ಕೇಳುವವರಿದ್ದಾಗ ನುಡಿಸುವವರೂ ನಿನ್ನೆಯದನ್ನೇ ಇಂದು ಒಪ್ಪಿಸಲಾರರು.

ಫುಗಾಜಿಯ ನಾಲ್ವರು ಹಾಡುಗಳ ಕ್ರಮಪಟ್ಟಿಯನ್ನು ಮುಂದಾಗಿ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಒಬ್ಬನು ಗಿಟಾರಿನಲ್ಲಿ ಒಂದು ಸ್ವರವನ್ನು ಎತ್ತಿದರೆ, ಉಳಿದವರು ಅದರ ಇಂಗಿತವನ್ನರಿತು ಹೊಂದಿಕೊಳ್ಳುತ್ತಿದ್ದರು. ಒಂದು ಹಾಡಿನ ಕೊನೆಯು ಮತ್ತೊಂದರ ಆರಂಭದೊಳಗೆ ಬಿರುಕಿಲ್ಲದೆ ಕರಗುತ್ತಿತ್ತು. 1990ರ ರಿಪೀಟರ್ ಆಲ್ಬಮಿನಲ್ಲಿರುವ ಷಟ್ ದ ಡೋರ್ ಎಂಬ ಹಾಡಿನ ಮಧ್ಯಭಾಗವು ವೇದಿಕೆಯ ಮೇಲೆ ಒಮ್ಮೆ ಹಿಗ್ಗಿ, ಒಮ್ಮೆ ಪಿಸುಮಾತಿನಷ್ಟು ಕುಗ್ಗಿ, ಮುದ್ರಿಕೆಯನ್ನು ಮಾತ್ರ ಬಲ್ಲವರಿಗೆ ಅಪರಿಚಿತವೆನಿಸುವಂತೆ ರೂಪಾಂತರ ಹೊಂದುತ್ತಿತ್ತು. ಒಂದೇ ರಾಗದ ಆಲಾಪನೆಯನ್ನು ಹಲವು ಕಚೇರಿಗಳಲ್ಲಿ ಕೇಳಿದ ರಸಿಕನು ಗಾಯಕನ ಇಂದಿನ ನಿರ್ಧಾರವನ್ನು ನಿನ್ನೆಯದರೊಡನೆ ತೂಗಿ ಆನಂದಿಸುವಂತೆ, ಈ ಬ್ಯಾಂಡನ್ನು ಊರಿಂದೂರಿಗೆ ಹಿಂಬಾಲಿಸಿದವರು ಒಂದು ತೌಲನಿಕ ಜ್ಞಾನವನ್ನು ಗಳಿಸಿಕೊಂಡರು. ಅನುಸರಣವನ್ನು ವ್ಯಸನವೆಂದೋ ವ್ಯಕ್ತಿಪೂಜೆಯೆಂದೋ ತಳ್ಳಿಹಾಕುವವರು ಈ ಜ್ಞಾನವನ್ನು ಗಣಿಸಿಯೇ ಇಲ್ಲ.

ಶ್ರೋತೃಸಮುದಾಯವನ್ನು ಕೂಡಿಸಿದ ಮಾತ್ರಕ್ಕೆ ಅದರ ಕ್ಷೇಮವು ಸಿದ್ಧಿಸದು. ವೇದಿಕೆಯ ಮುಂದೆ ಬಲಿಷ್ಠರು ನೂಕಾಡಿ ದುರ್ಬಲರನ್ನು ತುಳಿಯುವ ಅಭ್ಯಾಸವು ಪಂಕ್ ಕಚೇರಿಗಳಲ್ಲಿ ರೂಢವಾಗಿತ್ತು. ಅದನ್ನು ಕಂಡೊಡನೆ ಮೆಕಾಯ್ ವಾದನವನ್ನು ನಿಲ್ಲಿಸಿ, ವಿನಯದಿಂದ ತಿಳಿಹೇಳಿ, ಕೇಳದವರನ್ನು ಲಕೋಟೆಯಲ್ಲಿಟ್ಟ ಅವರ 5 ಡಾಲರುಗಳೊಡನೆ ಹೊರಗೆ ಕಳುಹಿಸುತ್ತಿದ್ದುದುಂಟು. ಇದು ಉಪದೇಶದ ಅತಿರೇಕವೆಂದು ಅಸಮಾಧಾನಗೊಂಡವರೂ ಇದ್ದರು. ಹಿಂದಿನ ಸಾಲಿಗೆ ಹಿಮ್ಮೆಟ್ಟಬೇಕಾಗಿದ್ದ ಹುಡುಗಿಯರಿಗೂ ಎಳೆಯರಿಗೂ ವೇದಿಕೆಯ ಸಮೀಪದಲ್ಲಿ ತಾವು ದೊರೆತದ್ದು ಈ ನಿಲುಗಡೆಗಳಿಂದಲೇ ಎಂಬ ಕಾರಣಕ್ಕೆ, ಅವನ್ನು ಕಚೇರಿಯ ಭಂಗವೆಂದು ನಾನು ಎಣಿಸಲಾರೆ. ಸ್ವಂತ ನಗರದಲ್ಲಿಯಂತೂ ಬ್ಯಾಂಡಿನವರು ಬಹುತೇಕ ಧರ್ಮಾರ್ಥವಾಗಿಯೇ ನುಡಿಸಿದರು. 1991ರ ಜನವರಿಯಲ್ಲಿ, ಕೊಲ್ಲಿ ಯುದ್ಧವು ಸನ್ನಿಹಿತವಾಗಿದ್ದಾಗ, ಶ್ವೇತಭವನದ ಎದುರಿನ ಲಾಫಯೆಟ್ ಉದ್ಯಾನದ ಚಳಿಯಲ್ಲಿ ನಡೆದ ಪ್ರತಿಭಟನೆಯ ಕಚೇರಿ ಸುಪ್ರಸಿದ್ಧವಾದುದು.

ಇಷ್ಟನ್ನೂ ಇಂದು ಪರಿಶೀಲಿಸಲು ಸಾಧ್ಯವಾಗಿರುವುದು, ಧ್ವನಿನಿರ್ವಾಹಕರು ರಾತ್ರಿ ರಾತ್ರಿಯೂ ಮುದ್ರಿಸಿಟ್ಟ ಕ್ಯಾಸೆಟ್ಟು ಮೊದಲಾದವುಗಳಿಂದ. ನಾಲ್ವರು 2002ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಕೊನೆಯ ಬಾರಿಗೆ ಸಾರ್ವಜನಿಕವಾಗಿ ನುಡಿಸುವ ವೇಳೆಗೆ, ಅಮೆರಿಕದ 50 ರಾಜ್ಯಗಳಲ್ಲಿಯೂ ಪರದೇಶಗಳಲ್ಲಿಯೂ 1,000ಕ್ಕೂ ಮಿಕ್ಕಿ ಕಚೇರಿಗಳಾಗಿದ್ದುವು. ಅವುಗಳಲ್ಲಿ 800ಕ್ಕೂ ಹೆಚ್ಚಿನವು ಮುದ್ರಿತವಾಗಿದ್ದುವು. 2011ರಿಂದ ಇವನ್ನು ಒಂದೊಂದಾಗಿ ಪ್ರಕಟಿಸುತ್ತ ಬಂದ ಡಿಸ್ಕಾರ್ಡ್, ಪ್ರತಿ ಕಚೇರಿಗೂ 5 ಡಾಲರನ್ನೇ ಸೂಚಿತ ಬೆಲೆಯಾಗಿರಿಸಿ, 1ರಿಂದ 100 ಡಾಲರುಗಳವರೆಗೆ ಕೊಳ್ಳುವವರ ಇಚ್ಛೆಗೆ ಬಿಟ್ಟಿತು. ಹಾಡುಗಳ ನಡುವಣ ಮಾತು, ನಿಲುಗಡೆ, ಸಭಿಕರ ಕೂಗು ಎಲ್ಲವೂ ಇಲ್ಲಿ ಉಳಿದುಬಂದಿವೆ. ಜೆಮ್ ಕೋಹೆನ್ 1999ರಲ್ಲಿ ಹೊರತಂದ ಇನ್‌ಸ್ಟ್ರುಮೆಂಟ್ ಎಂಬ ಚಿತ್ರವು, ವಾದಕರಷ್ಟೇ ಗಮನವನ್ನು ಶ್ರೋತೃಗಳ ಮುಖಗಳಿಗೂ ಕೊಟ್ಟು, ಈ ಆಕರಕ್ಕೆ ಪೂರಕವಾಗಿದೆ. ಮುದ್ರಣವಿಲ್ಲದ ಕಚೇರಿಗಳ ವಿಷಯದಲ್ಲಿಯಾದರೋ, ಬಂದಿದ್ದವರು ಕಾಪಾಡಿಕೊಂಡ ಕರಪತ್ರ, ಟಿಕೆಟ್ಟಿನ ತುಂಡು, ಛಾಯಾಚಿತ್ರ, ಅವರ ನೆನಪು ಇವೇ ಸಂಶೋಧಕನಿಗೆ ದೊರೆಯಬಹುದಾದ ಸಾಕ್ಷ್ಯ. ಆ ಶ್ರೋತೃಗಳು ಮಧ್ಯವಯಸ್ಸನ್ನು ದಾಟುತ್ತಿರುವ ಈ ಕಾಲದಲ್ಲಿಯೇ ಅದನ್ನು ಸಂಗ್ರಹಿಸುವ ಕಾರ್ಯ ನಡೆಯಬೇಕಾಗಿದೆ.