ಸಂದೂಕಿನೊಳಗಿನ ಕಾಗದ

ವಿಜಯಪುರದಿಂದ ಸೋಲಾಪುರದ ಕಡೆಗೆ ಹೊರಟರೆ ಭೀಮಾ ನದಿಯ ಸೇತುವೆ ಬರುವ ಮೊದಲೇ ಝಳಕಿ ಸಿಗುತ್ತದೆ. ಒಂದು ಕಡೆ ಇಂಡಿಗೆ, ಇನ್ನೊಂದು ಕಡೆ ಚಡಚಣಕ್ಕೆ ದಾರಿ ಒಡೆಯುವ ಊರು. ಹೊಳೆ ದಾಟಿದರೆ ಮಹಾರಾಷ್ಟ್ರ. ಈ ಸೀಮೆಯಲ್ಲಿ ಮಣ್ಣಿನ ಮಾಳಿಗೆ ಮನೆಗಳನ್ನು ಕೆಡವಿ ಸಿಮೆಂಟಿನ ಮನೆ ಕಟ್ಟುವಾಗ ತೊಲೆ, ಕಂಬ, ಬಾಗಿಲುಗಳ ಜೊತೆಗೆ ಅಜ್ಜನ ಕಾಲದ ಸಂದೂಕ, ಇಳಿಜಾರು ಮುಚ್ಚಳದ ಗಿಡ್ಡ ಡೆಸ್ಕು, ಗಲ್ಲಾಪೆಟ್ಟಿಗೆಗಳೂ ಹೊರಬೀಳುತ್ತವೆ. ಹಳೆ ಸಾಮಾನಿನ ವ್ಯಾಪಾರಿ ಬರುತ್ತಾನೆ, ಮರದ ಬೆಲೆ ಹೇಳುತ್ತಾನೆ, ಒಯ್ಯುತ್ತಾನೆ. ಅದೇ ಪೆಟ್ಟಿಗೆ ಪಾಲಿಶು ಹಚ್ಚಿಕೊಂಡು ದೊಡ್ಡ ನಗರದ ಯಾರದೋ ಬೈಠಕ್‌ಖಾನೆಯ ಅಲಂಕಾರವಾಗುತ್ತದೆ.

ಹಳೆಯ ಮೇಜು-ಪೆಟ್ಟಿಗೆಗಳನ್ನು ಮನೆಗೆ ತರುವುದು ಇಂದು ಒಂದು ಹವ್ಯಾಸ. ಅದರಲ್ಲಿ ತಪ್ಪೇನಿಲ್ಲ. ಆದರೆ ಆರಿಸುವವರೂ ಮಾರುವವರೂ ಕೇಳಬೇಕಾದ ಮೊದಲ ಪ್ರಶ್ನೆ ಮರ ಯಾವುದು ಎಂಬುದಲ್ಲ, ಇದರೊಳಗೆ ಏನಿತ್ತು ಎಂಬುದು.

ನಮ್ಮ ಸೀಮೆಯ ಸಾಮಾನ್ಯರ ಮನೆಯಲ್ಲಿ ಮರದ ಸಾಮಾನು ಕಡಿಮೆಯೇ ಇತ್ತು. ಇದು ಬಯಲು ನಾಡು. ಬೇವು ಮತ್ತು ಜಾಲಿ ಬಿಟ್ಟರೆ ದೊಡ್ಡ ಮರಗಳು ಕಡಿಮೆ. ಜೋಳ ನೆಲದೊಳಗಿನ ಹಗೇವಿನಲ್ಲಿ, ಬೇಳೆಕಾಳು ಒಂದರ ಮೇಲೊಂದು ಅಡಕಲಿಟ್ಟ ಗಡಿಗೆಗಳಲ್ಲಿ, ದೀಪ ಮತ್ತು ಪುಸ್ತಕ ಗೋಡೆಯ ಮಾಡದಲ್ಲಿ. ಗೋಡೆಯೇ ಅಂದಿನ ಕಪಾಟು. ಇದಕ್ಕೊಂದು ಸುಂದರ ಸಾಕ್ಷಿ ವಿಜಯಪುರದ ಜಾಮಿಯಾ ಮಸೀದಿಯಲ್ಲಿದೆ. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1636ರಲ್ಲಿ, ಬಣ್ಣ ಮತ್ತು ಚಿನ್ನದಿಂದ ಅಲಂಕರಿಸಿದ ಅದರ ಮಿಹ್ರಾಬಿನಲ್ಲಿ ಗೋಡೆಮಾಡಗಳನ್ನೂ ಅವುಗಳಲ್ಲಿಟ್ಟ ಪುಸ್ತಕ, ಹೂದಾನಿಗಳನ್ನೂ ಚಿತ್ರಿಸಲಾಗಿದೆ. ಮನೆಯ ಗೋಡೆಯಲ್ಲಿ ನಿತ್ಯ ಕಾಣುತ್ತಿದ್ದುದನ್ನೇ ಕಲಾವಿದ ಮಸೀದಿಯ ಗೋಡೆಗೂ ತಂದಿದ್ದಾನೆ.

ಪೆಟ್ಟಿಗೆ ಬೇಕಾಗುತ್ತಿದ್ದುದು ಸಂಚಾರಕ್ಕೆ. ಒಂದನೇ ಅಲಿ ಆದಿಲ್ ಶಾಹ (1558-1580) ದಂಡಯಾತ್ರೆಗೆ ಹೊರಟಾಗಲೂ ಪುಸ್ತಕದ ಪೆಟ್ಟಿಗೆಗಳನ್ನು ಜೊತೆಗೆ ಒಯ್ಯುತ್ತಿದ್ದನೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಆತನ ಗ್ರಂಥಭಂಡಾರದ ಮೇಲ್ವಿಚಾರಣೆ ವಾಮನ ಪಂಡಿತನೆಂಬ ವಿದ್ವಾಂಸನದಾಗಿತ್ತು. ಮುಸ್ಲಿಂ ಸುಲ್ತಾನನ ಪುಸ್ತಕಗಳಿಗೆ ಬ್ರಾಹ್ಮಣ ಪಂಡಿತನ ಕಾವಲು ಎಂಬುದು ಅಂದಿನವರಿಗೆ ವಿಶೇಷವಾಗಿ ಕಂಡಿರಲಿಕ್ಕಿಲ್ಲ. ಅದಕ್ಕಿಂತ ಮೊದಲೇ, ಒಂದನೇ ಇಬ್ರಾಹೀಮನ ಆಳ್ವಿಕೆಯಲ್ಲಿ, ಕಂದಾಯದ ಲೆಕ್ಕಗಳು ಫಾರಸಿಯಿಂದ ಸ್ಥಳೀಯ ಭಾಷೆಗೆ ಬಂದಿದ್ದವು; ಲೆಕ್ಕ ಬರೆಯುವ ಕೆಲಸ ಬಹುಮಟ್ಟಿಗೆ ಬ್ರಾಹ್ಮಣರ ಕೈಗೆ ಹೋಗಿತ್ತು.

ಆ ಗ್ರಂಥಭಂಡಾರ ಈಗ ಎಲ್ಲಿದೆ? ಉಳಿದಿದ್ದ ಭಾಗ ಅಸಾರ್ ಮಹಲಿನಲ್ಲಿತ್ತು. 1848ರಲ್ಲಿ ಸಾತಾರಾ ಸಂಸ್ಥಾನ ಬ್ರಿಟಿಷರ ವಶವಾಯಿತು. 1853ರಲ್ಲಿ ನೂರಾರು ಹಸ್ತಪ್ರತಿಗಳು ಲಂಡನ್ನಿಗೆ ಸಾಗಿದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿ ಅವು ಸುರಕ್ಷಿತವಾಗಿವೆ, ನಿಜ. ಆದರೆ ಊರಿನ ಮಕ್ಕಳಿಗೆ ತಮ್ಮೂರಿನ ಪುಸ್ತಕ ನೋಡಬೇಕಾದರೆ ಸಮುದ್ರ ದಾಟಬೇಕು.

ನಮ್ಮ ಮನೆಗಳ ವಸ್ತುಗಳ ಹೆಸರಿನಲ್ಲೇ ಚರಿತ್ರೆಯಿದೆ. ಸಂದೂಕ ಮತ್ತು ಕುರ್ಚಿ ಅರಬಿಯಿಂದ ಬಂದವು. ಅಲಮಾರು ಪೋರ್ಚುಗೀಸರದ್ದು. ಗಲ್ಲಾ ಎಂದರೆ ಮೂಲದಲ್ಲಿ ಧಾನ್ಯ. ಧಾನ್ಯದ ವ್ಯಾಪಾರಿಯ ಹಣದ ಪೆಟ್ಟಿಗೆಗೆ ಅದೇ ಹೆಸರು ನಿಂತಿತು. ಇಂದು ಸರಕಾರಿ ಫೈಲಿಗೆ ನಾವು ಹೇಳುವ ಕಡತ ಮೂಲದಲ್ಲಿ ಬಟ್ಟೆಯ ಪುಸ್ತಕ. ಹುಣಸೆ ಬೀಜದ ಅಂಟಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಕಾಗದ ಬಂದ ಮೇಲೆ ಅದನ್ನು ಬಟ್ಟೆಯಲ್ಲಿ ಕಟ್ಟಿಟ್ಟರು. ಆ ಗಂಟಿಗೆ ರುಮಾಲು ಎಂದು ಹೆಸರು. ಪುಣೆಯ ಪೇಶ್ವೆ ದಫ್ತರದಲ್ಲಿ ಇಂಥ ರುಮಾಲುಗಳು ಮೂವತ್ತು ಸಾವಿರಕ್ಕೂ ಹೆಚ್ಚಿವೆ.

ಇನ್ನು ಬರೆಯುವ ಮೇಜು. ನೆಲದ ಮೇಲೆ ಚಕ್ಕಳ-ಮಕ್ಕಳ ಕುಳಿತವನ ಎದೆಮಟ್ಟಕ್ಕೆ ಬರುವ, ಇಳಿಜಾರು ಮುಚ್ಚಳವೆತ್ತಿದರೆ ದೌತಿ, ಲೇಖನಿ, ಕೀರ್ದಿ ಪುಸ್ತಕಗಳಿಗೆ ಜಾಗವಿರುವ ಡೆಸ್ಕು ಕುಲಕರ್ಣಿಯ ಪಡಸಾಲೆಯಲ್ಲೂ ಪೇಟೆಯ ಮುನೀಮನ ಗಾದಿಯ ಮುಂದೆಯೂ ಇರುತ್ತಿತ್ತು. ಮುಸ್ಲಿಮರ ಮನೆಗಳಲ್ಲಿ ಇದಕ್ಕೂ ಹಳೆಯ ಒಂದು ಸಾಧನವಿದೆ, ಕುರ್‌ಆನ್ ಓದುವ ರೆಹಲ್. ಒಂದೇ ಹಲಗೆಯನ್ನು ಸೀಳಿ, ಬೇರೆ ಮೊಳೆಯಿಲ್ಲದೆ, ತಿರುಗಣೆಯನ್ನೂ ಅದೇ ಮರದಲ್ಲಿ ಕೊರೆದ ಆ ಕೈಚಳಕ ಮಧ್ಯ ಏಷ್ಯಾದಿಂದ ದಖನ್ನಿನವರೆಗೆ ಒಂದೇ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ, 1360ರ ತಾರೀಖು ಕೆತ್ತಿದ ರೆಹಲ್‌ಗೂ ನಮ್ಮ ಮಾಡದಲ್ಲಿರುವುದಕ್ಕೂ ಕೂಡಿಕೆಯ ರೀತಿಯಲ್ಲಿ ವ್ಯತ್ಯಾಸವಿಲ್ಲ.

ಈ ಡೆಸ್ಕು-ಸಂದೂಕಗಳು ಬರೀ ಸಾಮಾನಾಗಿರಲಿಲ್ಲ, ಜನರ ಅನ್ನ ಅವುಗಳಲ್ಲಿತ್ತು. 1838ರಲ್ಲಿ ಸೋಲಾಪುರ ಜಿಲ್ಲೆ ರಚನೆಯಾದಾಗ ಇಂಡಿ, ಮುದ್ದೇಬಿಹಾಳ ಅದರಲ್ಲಿದ್ದವು. 1864ರಲ್ಲಿ ಆ ಜಿಲ್ಲೆ ರದ್ದಾಗಿ ಕಲಾದಗಿ ಜಿಲ್ಲೆ ಹುಟ್ಟಿತು. 1885ರಲ್ಲಿ ಅದರ ಮುಖ್ಯ ಠಾಣೆ ವಿಜಯಪುರಕ್ಕೆ ಬಂತು. ಕಚೇರಿ ಬದಲಾದಂತೆ ಕಾಗದಗಳೂ ಅಲೆದವು. ಇದರ ನಡುವೆ ಬಂದದ್ದು ಇನಾಮ್ ಕಮಿಷನ್. 1852ರ ಕಾನೂನಿನ ಬಲದಿಂದ ಅದು ದಖನ್ನಿನ ಇನಾಮುದಾರರ ಬಾಗಿಲಿಗೆ ಬಂದು ಸನದು ತೋರಿಸಿರೆಂದಿತು. ಮಠ, ದರ್ಗಾ, ಖಾಜಿ, ಜೋಯಿಸ, ದೇಸಾಯಿ ಯಾರನ್ನೂ ಬಿಡಲಿಲ್ಲ. 1857ಕ್ಕೆ ಮುಂಚಿನ ಐದಾರು ವರ್ಷಗಳಲ್ಲಿ ಸುಮಾರು 20,000 ಇನಾಮು-ಜಹಗೀರುಗಳು ಹೀಗೆ ಕೈತಪ್ಪಿದವೆಂಬುದು ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ಲೆಕ್ಕ. ಗೆದ್ದಲು ತಿಂದ ಒಂದು ಸನದಿಗೆ ಒಂದು ಮನೆತನ ತಲೆತಲಾಂತರದ ಹೊಲ ಕಳೆದುಕೊಳ್ಳಬಹುದಿತ್ತು. ಗಟ್ಟಿ ಪೆಟ್ಟಿಗೆಯ ಬೆಲೆ ಅಂದಿನವರಿಗೆ ಗೊತ್ತಿತ್ತು.

1884ರಲ್ಲಿ ಹೋಟಗಿ-ಗದಗ ರೈಲು ಬಂದ ಮೇಲೆ ಸಾಗವಾನಿ ಮರ ತರಿಸುವುದು ಈ ಸೀಮೆಯ ಉಳ್ಳವರಿಗೆ ಸುಲಭವಾಯಿತು. 1923ರಲ್ಲಿ ಮುಂಬಯಿಯ ಗೋದ್ರೆಜ್ ಕಂಪನಿ ಉಕ್ಕಿನ ಕಪಾಟು ತಂದಿತು. ಮುಂದೆ ಅದು ನಮ್ಮ ಕಡೆಯ ಮನೆಗಳಲ್ಲಿ ‘ಟ್ರೇಜರಿ’ ಎನಿಸಿಕೊಂಡು ಮದುವೆಯ ಸಾಮಾನಿಗೆ ಸೇರಿತು. ಮರದ ಪೆಟ್ಟಿಗೆ ಅಟ್ಟ ಸೇರಿತು. 1950ರ ಮುಂಬಯಿ ಕಾನೂನು ಕುಲಕರ್ಣಿ ವತನಗಳನ್ನು ರದ್ದುಮಾಡಿದಾಗ ಲೆಕ್ಕದ ಕೆಲಸ ಸಂಬಳದ ತಲಾಠಿಗೆ ಹೋಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮೋಡಿ ಲಿಪಿ ಓದುವವರು ಮನೆಯಲ್ಲಿ ಉಳಿಯಲಿಲ್ಲ. ಓದಲು ಬಾರದ ಕಾಗದ ರದ್ದಿಯಾಗಲು ಎಷ್ಟು ಹೊತ್ತು?

ಆದರೆ ಹಳೆಯ ಕಾಗದ ಸಾಯುವುದಿಲ್ಲ. 2024ರಲ್ಲಿ ಇದೇ ಜಿಲ್ಲೆಯಲ್ಲಿ ವಕ್ಫ್ ಜಮೀನಿನ ನೋಟಿಸುಗಳ ಬಗ್ಗೆ ದೊಡ್ಡ ವಿವಾದವೆದ್ದಿತು. ಅದರ ಸರಿ-ತಪ್ಪು ಇಲ್ಲಿನ ವಿಷಯವಲ್ಲ. ಆದರೆ ಇಂಥ ಜಗಳದಲ್ಲಿ ರೈತನಿಗೂ ಮಸೀದಿಯ ಕಮಿಟಿಗೂ ಬೇಕಾಗುವುದು ಒಂದೇ: ಹಳೆಯ ದಾಖಲೆ. ಕಾಗದವಿದ್ದಲ್ಲಿ ಮಾತುಕತೆಗೆ ಆಧಾರವಿರುತ್ತದೆ. ಕಾಗದವಿಲ್ಲದಲ್ಲಿ ವದಂತಿಗೆ ಜಾಗವಾಗುತ್ತದೆ.

ಆದ್ದರಿಂದ ಹಳೆಯ ಪೆಟ್ಟಿಗೆ ಮಾರುವ ಮೊದಲು ಅದನ್ನು ಪೂರ್ತಿ ಬರಿದುಮಾಡಿ ನೋಡಿ. ಖಾನೆಗಳನ್ನು ಹೊರಗೆಳೆದು ಹಿಂದೆ ಕೈಹಾಕಿ. ಗಲ್ಲಾಪೆಟ್ಟಿಗೆಗಳಲ್ಲಿ ಗುಪ್ತ ಖಾನೆ ಇರುವುದುಂಟು. ಸಿಕ್ಕ ಕಾಗದಕ್ಕೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಒಣಗಿದ ಜಾಗದಲ್ಲಿಡಿ, ಫೋಟೋ ತೆಗೆದಿಡಿ. ಮೋಡಿ, ಫಾರಸಿ ಬಲ್ಲವರಿಗೆ ತೋರಿಸಿ. ರಾಜ್ಯ ಪತ್ರಾಗಾರ ಇಲಾಖೆ, 1939ರಲ್ಲಿ ಆರಂಭವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥವು ಹಳೆಯ ದಾಖಲೆ, ಹಸ್ತಪ್ರತಿಗಳ ಬೆಲೆ ಬಲ್ಲ ಸ್ಥಳಗಳು.

ಕೊಳ್ಳುವವರಿಗೂ ಕೆಲವು ಮಾತು. ಕೈಯಿಂದ ಮಾಡಿದ ಪೆಟ್ಟಿಗೆಯ ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕೂಡಿಸಿದ ಕೆಲಸ ಒಂದರಂತೆ ಒಂದಿರುವುದಿಲ್ಲ. ಎಲ್ಲವೂ ಅಚ್ಚು ಹಾಕಿದಂತಿದ್ದರೆ ಯಂತ್ರದ್ದು. ಹಳೆಯದರಲ್ಲಿ ಸವೆತ ಕೈ ತಾಗುವಲ್ಲಿ, ಖಾನೆ ಜಾರುವಲ್ಲಿ ಇರಬೇಕು. ಎಲ್ಲೆಡೆ ಒಂದೇ ಸಮ ಸವೆದಿದ್ದರೆ ಅನುಮಾನಪಡಿ. ಮರದ ತೂತುಗಳಿಂದ ಹೊಸ ಹಿಟ್ಟು ಉದುರುತ್ತಿದ್ದರೆ ಹುಳು ಇನ್ನೂ ಜೀವಂತವಿದೆ. ನಮ್ಮ ಬೇಸಿಗೆಯ ಬಿಸಿಲಿಗೆ ಇಡಬೇಡಿ, ಹಲಗೆ ಸೀಳುತ್ತದೆ. ಉಜ್ಜಿ ಹೊಸದು ಮಾಡಲು ಹೋಗಬೇಡಿ. ಶಾಯಿಯ ಕಲೆಯೂ ಅದರ ಚರಿತ್ರೆಯೇ. ಕಾನೂನೂ ನೆನಪಿರಲಿ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ-ದಾಖಲೆಗಳೂ ಪ್ರಾಚ್ಯವಸ್ತುಗಳು. ಖಾಸಗಿಯವರು ಅವುಗಳನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.

ಮುಖ್ಯವಾಗಿ, ಕೊಂಡವರು ಅದು ಯಾವ ಊರಿನದು, ಯಾರ ಕಸುಬಿನದು ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಊರಿನ ಹೆಸರು ಕಳೆದುಕೊಂಡ ಪೆಟ್ಟಿಗೆ ಬರೀ ಮರ. ಆದಿಲ್‌ಶಾಹಿ ಪುಸ್ತಕಗಳನ್ನು ಒಯ್ದವರು ಕನಿಷ್ಠ ಅವುಗಳ ಪಟ್ಟಿ ಮಾಡಿಟ್ಟರು. ನಮ್ಮ ಅಟ್ಟದಿಂದ ಇಳಿದು ಹೋಗುವುದಕ್ಕೆ ಆ ಪಟ್ಟಿಯೂ ಇಲ್ಲ.