ಯೀಸ್ಟ್ ಪೋಷಣೆ: ದ್ರವ ಮಾಧ್ಯಮದ ಚರಿತ್ರೆ

ದ್ರವದಲ್ಲಿ ಯೀಸ್ಟ್ ಬೆಳೆಯಲು ಕನಿಷ್ಠ ಏನೇನು ಬೇಕು? 1860ರಲ್ಲಿ ಲೂಯಿ ಪಾಶ್ಚರ್ ಕೊಟ್ಟ ಪಟ್ಟಿ ತೀರ ಚಿಕ್ಕದು: ನೀರು, ಕಲ್ಲುಸಕ್ಕರೆ, ಅಮೋನಿಯಂ ಟಾರ್ಟ್ರೇಟ್ ಮತ್ತು ಯೀಸ್ಟನ್ನೇ ಸುಟ್ಟು ಪಡೆದ ಬೂದಿ. ಇಂಗಾಲ ಸಕ್ಕರೆಯಿಂದ, ಸಾರಜನಕ ಅಮೋನಿಯಾದಿಂದ, ರಂಜಕ ಮೊದಲಾದ ಖನಿಜಗಳು ಬೂದಿಯಿಂದ. ಗುಂಡುಸೂಜಿಯ ತಲೆಯಷ್ಟು ತಾಜಾ ಯೀಸ್ಟನ್ನು ಹೆಪ್ಪಾಗಿ ಹಾಕಿದರೆ ದ್ರಾವಣ ಹುದುಗುತ್ತಿತ್ತು, ಯೀಸ್ಟೂ ಹೆಚ್ಚುತ್ತಿತ್ತು.

ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್ ಇದನ್ನು ಒಪ್ಪಲಿಲ್ಲ; ತಾನು ಮಾಡಿ ನೋಡಿದಾಗ ಯೀಸ್ಟ್ ಬೆಳೆಯಲೇ ಇಲ್ಲವೆಂದ. ಬೇಕಾದಷ್ಟು ಯೀಸ್ಟ್ ಬೆಳೆಸಿ ತೋರಿಸುತ್ತೇನೆಂದು ಪಾಶ್ಚರ್ ಸವಾಲು ಹಾಕಿದ. 1873ರಲ್ಲಿ ಲೀಬಿಗ್ ತೀರಿಕೊಂಡಾಗಲೂ ಜಗಳ ಬಗೆಹರಿದಿರಲಿಲ್ಲ.

ಇಬ್ಬರೂ ಸುಳ್ಳಾಡಿರಲಿಲ್ಲ ಎನ್ನಲು ಆಧಾರ ಸಿಕ್ಕಿದ್ದು 1901ರಲ್ಲಿ, ಬೆಲ್ಜಿಯಂನ ಲೂವೆನ್‌ನಲ್ಲಿ. ಸಕ್ಕರೆ ಮತ್ತು ಲವಣಗಳ ದ್ರಾವಣಕ್ಕೆ ಕೆಲವೇ ಕೋಶಗಳನ್ನು ಬಿಟ್ಟರೆ ಅವು ಬೆಳೆಯುವುದಿಲ್ಲ, ಹೆಪ್ಪು ದೊಡ್ಡದಾದರೆ ಬೆಳೆಯುತ್ತವೆ ಎಂಬುದನ್ನು ಯೂಜೀನ್ ವಿಲ್ಡಿಯರ್ಸ್ ಕಂಡುಕೊಂಡ. ಚಿಕ್ಕ ಹೆಪ್ಪಿಗೆ ಕುದಿಸಿದ ಯೀಸ್ಟಿನ ತಿಳಿಯನ್ನು ಒಂದಿಷ್ಟು ಬೆರೆಸಿದರೂ ಸಾಕು, ಬೆಳವಣಿಗೆ ಶುರು. ಅಂದರೆ ದೊಡ್ಡ ಹೆಪ್ಪು ತನ್ನ ಬುತ್ತಿಯನ್ನು ತಾನೇ ಹೊತ್ತು ತರುತ್ತಿತ್ತು. ಆ ಅಜ್ಞಾತ ವಸ್ತುವಿಗೆ ಆತ ಇಟ್ಟ ಹೆಸರು ‘ಬಯೋಸ್’.

ಬಯೋಸ್ ಒಂದೇ ವಸ್ತುವಲ್ಲ ಎಂಬುದು ನಿಧಾನವಾಗಿ ತಿಳಿಯಿತು. 1928ರಲ್ಲಿ ಅದರ ಒಂದು ಭಾಗ ಇನಾಸಿಟಾಲ್ ಎಂದಾಯಿತು; 1933ರಲ್ಲಿ ರೋಜರ್ ವಿಲಿಯಮ್ಸ್ ಪ್ಯಾಂಟೊಥೆನಿಕ್ ಆಮ್ಲವನ್ನು ಗುರುತಿಸಿದ. 1936ರಲ್ಲಿ ಕೋಗ್ಲ್ ಮತ್ತು ಟೋನಿಸ್ ಸುಮಾರು 250 ಕಿಲೋ ಒಣ ಮೊಟ್ಟೆಯ ಹಳದಿಯನ್ನು ಸೋಸಿ ಪಡೆದ ಬಯೋಟಿನ್ ಹರಳುಗಳ ತೂಕ ಕೇವಲ 1.1 ಮಿಲಿಗ್ರಾಂ. ಮನುಷ್ಯನ ಜೀವಸತ್ವಗಳಲ್ಲಿ ಕೆಲವು ಹೀಗೆ ಯೀಸ್ಟಿನ ಹಸಿವನ್ನು ಬೆನ್ನಟ್ಟಿದವರಿಗೆ ಸಿಕ್ಕವು.

ಸಾರಜನಕದ ವಿಷಯದಲ್ಲಿ ಯೀಸ್ಟ್‌ಗಳ ರುಚಿ ಒಂದೇ ತೆರನಲ್ಲ. ಬ್ರೆಡ್ಡಿನ ಯೀಸ್ಟ್ ಅಮೋನಿಯಂ ಲವಣ, ಯೂರಿಯಾಗಳನ್ನು ಬಳಸಿಕೊಳ್ಳುತ್ತದೆ, ನೈಟ್ರೇಟನ್ನು ಮುಟ್ಟುವುದಿಲ್ಲ. ಕ್ಯಾಂಡಿಡಾ ಯುಟಿಲಿಸ್‌ಗೆ ನೈಟ್ರೇಟೂ ಆದೀತು.

ಸಕ್ಕರೆಯ ಮಟ್ಟಿಗೆ ಹೆಚ್ಚು ಹಾಕಿದಷ್ಟೂ ಲಾಭ ಎಂಬ ಲೆಕ್ಕ ನಡೆಯದು. ಗ್ಲೂಕೋಸ್ ಅತಿಯಾದರೆ, ಗಾಳಿ ಧಾರಾಳವಾಗಿದ್ದರೂ ಬ್ರೆಡ್ಡಿನ ಯೀಸ್ಟ್ ಅದನ್ನು ಮದ್ಯಸಾರವಾಗಿಸುತ್ತದೆ, ಕೋಶಗಳ ಇಳುವರಿ ಕುಸಿಯುತ್ತದೆ. ಇದಕ್ಕೆ ಕ್ರ್ಯಾಬ್‌ಟ್ರೀ ಪರಿಣಾಮ ಎಂದು ಹೆಸರು. ಆ ಹೆಸರು ಬಳಕೆಗೆ ಬರುವ ಮೊದಲೇ, ಮೊದಲ ಮಹಾಯುದ್ಧದ ಹೊತ್ತಿನಲ್ಲಿ, ಜರ್ಮನಿ ಮತ್ತು ಡೆನ್ಮಾರ್ಕ್‌ಗಳ ತಯಾರಕರು ಕಾಕಂಬಿಯನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹರಿಸುವ, ಜೊತೆಗೆ ಅಮೋನಿಯಂ ಲವಣ ಕೊಡುವ ವಿಧಾನ ರೂಢಿಸಿಕೊಂಡಿದ್ದರು. ಕಾಕಂಬಿಯಲ್ಲೂ ಭೇದವಿದೆ: ಕಬ್ಬಿನದರಲ್ಲಿ ಬಯೋಟಿನ್ ಸಮೃದ್ಧ, ಬೀಟ್‌ನದರಲ್ಲಿ ಕೊರತೆ. ಹಾಗಾಗಿ ಬೀಟ್ ಕಾಕಂಬಿ ಬಳಸುವ ಕಾರ್ಖಾನೆಗಳು ಅದಕ್ಕೆ ಕಬ್ಬಿನ ಕಾಕಂಬಿಯನ್ನು ಬೆರೆಸುತ್ತವೆ, ಇಲ್ಲವೇ ನೇರವಾಗಿ ಬಯೋಟಿನ್ ಸೇರಿಸುತ್ತವೆ.